ಕೋಟೆಮನೆಗೆ ಬೀಗಿತ್ತಿ ಹೊಕ್ಕದ್ದು

ಮಳವಳ್ಳಿ ಕಡೆಯ ಆ ಹಳೇ ಕೋಟೆಮನೆಗೆ ಮಗಳನ್ನು ಕೊಟ್ಟು ಎರಡು ವರ್ಷವಾದರೂ ನಾನು ಒಳಗೆ ಕಾಲಿಟ್ಟಿರಲಿಲ್ಲ. ಕಾರಣ, ಬೀಗರಾದ ಹೊನ್ನಯ್ಯನವರ ಬಾಯಿ. ಮದುವೆ ಊಟದ ಪಂಕ್ತಿಯಲ್ಲೇ ಅವರು, "ನಮ್ಮನೆ ದಿಡ್ಡಿಬಾಗ್ಲು ಮೂರೂವರೆ ಅಡಿ ಕಣಮ್ಮ. ಆ ಕಾಲ್ದಲ್ಲಿ ದಂಡು ಬಂದ್ರೂ ತಲೆ ಬಗ್ಗಿಸ್ಕಂಡೇ ಬರ್ಬೇಕಿತ್ತು. ನೀವೂ ಬಗ್ಗಿಸ್ತೀರಿ ಬುಡಿ" ಎಂದು ನಕ್ಕಿದ್ದರು. ಮಂಡ್ಯದಲ್ಲಿ ಮೂವತ್ತು ವರ್ಷ ಹೆಡ್‌ಮಿಸ್ ಆಗಿದ್ದವಳು ನಾನು. ಇನ್‌ಸ್ಪೆಕ್ಟರ್ ಬಂದಾಗಲೂ ಬಗ್ಗದ ತಲೆ! "ಈ ಅರುಂಧತಿ ನಿಮ್ಮ ಬಾಗಿಲಿಗೆ ತಲೆ ಬಗ್ಗಿಸಿದರೆ ಕೇಳಿ" ಎಂದುಬಿಟ್ಟೆ.

ಈಗ ಬಾಣಂತನ ಮುಗಿದಿತ್ತು. ಮಗಳು ವೀಣಳನ್ನೂ ಐದು ತಿಂಗಳ ಮೊಮ್ಮಗಳನ್ನೂ ನಾನೇ ಕರೆದೊಯ್ದು ಬಿಡಬೇಕು. ಹೊಸ್ತಿಲಾಚೆಯೇ ನಿಂತರೆ ಮಗಳಿಗೆ ಅವಮಾನ, ಒಳಗೆ ಹೋದರೆ ನನಗೆ. ದಾರಿಯುದ್ದಕ್ಕೂ ಕಾರಿನಲ್ಲಿ ಇದೇ ಯೋಚನೆ.

ಮನೆಯೇನೋ ಭರ್ಜರಿ. ಎರಡಾಳೆತ್ತರದ ಕಲ್ಲುಗೋಡೆ, ಮೂಲೆಗೊಂದು ಬುರುಜು. ಬಂದೂಕಿನ ಕಿಂಡಿಗಳಲ್ಲಿ ಕೋಳಿಗಳು ಕಾವಿಗೆ ಕೂತಿದ್ದವು. ಹೆಬ್ಬಾಗಿಲಿನ ಕೀಲು ತುಕ್ಕು ಹಿಡಿದು ಯಾವ ಕಾಲವಾಯಿತೋ, ಒಳಹೋಗಲು ಉಳಿದದ್ದು ಅದರಲ್ಲೇ ಕೊರೆದಿದ್ದ ಆ ಗಿಡ್ಡ ದಿಡ್ಡಿಯೊಂದೇ. ಅದರಾಚೆಯಿಂದ ಹೊನ್ನಯ್ಯನವರ ದನಿ ಬಂತು: "ಬನ್ನಿ ಬೀಗಿತ್ತೀರೇ! ಮೊಬೈಲ್ ಇಡ್ಕಂಡು ಕಾಯ್ತಾವ್ನಿ. ಪೋಟೋನ ನೆಂಟ್ರ ಗ್ರೂಪಿಗೆ ಆಕ್ತೀನಿ!"

ಮೈ ಉರಿದುಹೋಯಿತು. ಸೆರಗು ಸಿಕ್ಕಿಸಿ, ಮನೆಗೆ ಬೆನ್ನು ತಿರುಗಿಸಿದೆ. ಬೀದಿಗೆ, ಕಾರಿಗೆ, ಡ್ರೈವರ್ ಶಿವರಾಜುವಿಗೆ ಧಾರಾಳವಾಗಿ ತಲೆ ಬಗ್ಗಿಸಿ, ಹಿಂದುಹಿಂದಕ್ಕೆ ಒಳಗೆ ನುಗ್ಗಿದೆ.

"ಅಮ್ಮಾ, ಒಳಗೆ ಮೂರು ಮೆಟ್ಲು ಕೆಳಗಿದೆ!" ಎಂದು ವೀಣ ಕೂಗಿದಳು.

ಶತ್ರುಗಳು ಮುಗ್ಗರಿಸಲೆಂದೇ ಹಿಂದಿನವರು ಕಟ್ಟಿಸಿದ್ದ ಮೆಟ್ಟಿಲಂತೆ. ನಾನು ಮುಗ್ಗರಿಸಲಿಲ್ಲ, ಹೊನ್ನಯ್ಯನವರ ಮೇಲೆ ಕೂತುಬಿಟ್ಟೆ. ಅವರ ಹೆಂಡತಿ ಅಂಕಮ್ಮ ಹಿಡಿದಿದ್ದ ಆರತಿಯ ಕೆಂಪು ನೀರು ಇಬ್ಬರ ತಲೆಯ ಮೇಲೂ ಸುರಿಯಿತು.

"ಅಯ್ಯಯ್ಯೋ, ಸೊಂಟ ಓಯ್ತು! ಯಾವ ದಂಡೂ ಇಂಗೆ ನುಗ್ಗಿರ್ನಿಲ್ಲ ಕಣಮ್ಮ!" ಎಂದರು ಹೊನ್ನಯ್ಯ.

"ತಲೆ ಬಗ್ಗಿಸಿದೆನಾ?"

"ಮೊದ್ಲು ಎದ್ದೇಳಿ!"

"ಹೇಳಿ, ಬಗ್ಗಿಸಿದೆನಾ?"

ಅಷ್ಟರಲ್ಲಿ ವೀಣ ಬಗ್ಗಿಕೊಂಡು ಬಂದಳು. ಅವಳ ತೋಳಿನಲ್ಲಿ ಅಂಗಾತ ಮಲಗಿದ್ದ ಮಗು ಮಾತ್ರ ಮೇಲಕ್ಕೇ ದಿಟ್ಟಿಸುತ್ತ, ಬಾಗಿಲ ಚೌಕಟ್ಟಿಗೆ ಪಟ್ಟನೆ ಒಂದು ಒದೆ ಕೊಟ್ಟು ಒಳಗೆ ಬಂತು.

ಹೊನ್ನಯ್ಯ ನನ್ನ ಕೆಳಗಿನಿಂದಲೇ ಕತ್ತೆತ್ತಿ ನೋಡಿದರು. "ಎಲಾ ಇದ್ರ! ತಲೆ ಬಗ್ಗಿಸ್ದೆ ಬಂದ್ಬುಡ್ತಲ್ಲ, ಬಾಗ್ಲಿಗೇ ಒದೀತದಲ್ಲ! ಇದು ನಮ್ ಮನೇದಲ್ಲ ಕಣಮ್ಮ, ಪೂರ್ತಾ ನಿಮ್ದೇಯ."

ಎರಡು ವರ್ಷದ ಸಿಟ್ಟು ಅಲ್ಲೇ ಇಳಿದುಹೋಯಿತು. ಎಷ್ಟು ಸಂತೋಷವಾಯಿತೆಂದರೆ, ಅವರ ಮೇಲಿಂದ ಏಳುವುದೇ ಮರೆತುಹೋಯಿತು.