ಮಂಕು ಹರಳಿನ ಪದಕ

ಮುಸರತಳಿಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಬ್ಯಾಡಗಿಯ ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವಾಗಲೂ ಆಗಾಗ ಎದ್ದು ಬಾಗಿಲತನಕ ಹೋಗಿ ಬರುವವಳು. ಅಂಥವಳ ಮನೆಯಲ್ಲಿ ಭಾನುವಾರ ಮಗಳು ಮೆಹನಾಜಳ ಮದುವೆ ಅಂದಮೇಲೆ ಕೇಳಬೇಕೆ? ಇಟ್ಟ ಪಾತ್ರೆಯನ್ನೇ ಮತ್ತೆ ತೆಗೆದಿಡುವುದು, ಮಡಚಿದ ಸೀರೆಯನ್ನೇ ಮತ್ತೆ ಮಡಚುವುದು. ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನಲ್ಲಿ ಹಮಾಲಿ ಮಾಡುವ ಗಂಡ ಖಲಂದರ, ಇವಳ ಓಡಾಟ ನೋಡಿಯೇ ತನಗೆ ತಲೆ ತಿರುಗುತ್ತದೆಂದು ಊಟದ ತಾಟು ಹಿಡಿದುಕೊಂಡು ಹೊರಗಿನ ಕಟ್ಟೆಗೆ ಹೋಗಿ ಕೂತಿದ್ದ.

ಅವಳಿಗೆ ಸಮಾಧಾನ ಕೊಟ್ಟಿದ್ದ ವಸ್ತು ಅಂದರೆ ಒಂದೇ, ಅಲಮಾರಿಯಲ್ಲಿದ್ದ ಪದಕ. ನಿಶ್ಚಯದ ದಿನ ರಾಣೆಬೆನ್ನೂರಿನ ಗಂಡಿನ ಕಡೆಯವರು ಕೊಟ್ಟಿದ್ದು. ವರ ಜಾಕೀರನ ಅಜ್ಜಿ ಜೈತೂನಬಿಯದು, ಅದಕ್ಕೂ ಮೊದಲು ಜೈತೂನಬಿಯ ತಾಯಿಯದು. ಬಂಗಾರ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುತ್ತ ಕೂರಿಸಿದ್ದ ಏಳು ಕೆಂಪು ಹರಳುಗಳು ಮೊದಲ ದಿನವೇ ಮುಸರತಳ ಕಣ್ಣಿಗೆ ಮುಳ್ಳಾಗಿದ್ದವು. ಒಂದರ ಮೂಲೆ ಮುಕ್ಕಾಗಿತ್ತು. ಒಂದರೊಳಗೆ ಹೊಗೆ ಕಟ್ಟಿದ ಹಾಗೆ ಮಸುಕು. ಒಂದು ತೀರಾ ತಿಳಿಯಾಗಿ ಗುಲಾಬಿಗೆ ತಿರುಗಿತ್ತು. ಇನ್ನೊಂದರಲ್ಲಿ ಉದ್ದಕ್ಕೂ ಕೂದಲೆಳೆಯಂಥ ಗೆರೆ. ಬಾಜೂ ಮನೆಯ ದುರ್ಗಾ ಬಂದು ಪದಕವನ್ನು ಬಾಗಿಲ ಬೆಳಕಿಗೆ ಹಿಡಿದು, "ಮುಸರತಕ್ಕಾ, ಬಂಗಾರ ಛಲೋ ಐತಿ ಬಿಡು. ಆದ್ರ ಹರಳು ಯಾಕ ಹಿಂಗ ಅದಾವು? ಗಾಜು ಸೀಳಿದಂಗ ಕಾಣ್ತಾವಲ್ಲ" ಅಂದಿದ್ದಳು.

ಅಷ್ಟು ಸಾಕಾಯಿತು. ಮದುವೆ ಮನೆಯಲ್ಲಿ ಹೆಂಗಸರು ಮೊದಲು ನೋಡುವುದು ಹುಡುಗಿಯ ಮುಖವನ್ನಲ್ಲ, ಕೊರಳನ್ನು. ನಾಳೆ ನಾಲ್ಕು ಮಂದಿ ಮೂಗು ಮುರಿದರೆ ಗಂಡಿನ ಕಡೆಯವರ ಮಾನವೂ ಹೋಯಿತು, ಮಗಳ ಮಾನವೂ ಹೋಯಿತು. ಹಾಗೆಂದು ತನಗೆ ತಾನೇ ಹೇಳಿಕೊಂಡು, ಪಾಲಿಶ್ ಮಾಡಿಸುವ ನೆಪದಲ್ಲಿ ಪದಕವನ್ನು ತಾನು ಯಾವಾಗಲೂ ಒಡವೆ ಮಾಡಿಸುವ ರಾಣೆಬೆನ್ನೂರಿನ ಪತ್ತಾರ ಪ್ರೇಮಕುಮಾರನ ಅಂಗಡಿಗೆ ಒಯ್ದಿದ್ದಳು. ಹರಳಿನ ಒಂದೊಂದು ತಪ್ಪನ್ನೂ ಸೂಜಿ ಮೊನೆಯಿಂದ ತೋರಿಸಿ, ಇವನ್ನೆಲ್ಲ ತೆಗೆದು ಹೊಸವು ಹಾಕು ಅಂದಿದ್ದಳು. ಅವನೂ ಏನೂ ಯೋಚಿಸಲಿಲ್ಲ. "ಹಳೇ ಹರಳಿಗೆ ಬೆಲಿ ಇಲ್ರಿ ಅಕ್ಕಾರ. ತೂಕದಾಗ ಅದನ್ನ ಕಳದ ಬಂಗಾರ ಹಿಡೀತೇವಿ. ಹೊಸಾವು ಕುಂದ್ರಸ್ತೇನಿ, ಫಳಫಳ ಅಂತಾವು ನೋಡ್ರಿ" ಅಂದ. ಅಂದ ಹಾಗೆಯೇ ಮಾಡಿದ. ಪದಕ ಹೊಳೆದ ಹೊಳಪಿಗೆ ಮುಸರತ ಮೂರ್ಹೊತ್ತೂ ಅಲಮಾರಿ ತೆಗೆದು ನೋಡತೊಡಗಿದಳು.

ಗುರುವಾರ ಬೆಳಿಗ್ಗೆ ಅವಳು ಗೋದಾಮಿನಲ್ಲಿರುವಾಗ ಫೋನು ಬಂತು. ಜೈತೂನಬಿ.

"ಮುಸರತ, ಪದಕಾ ಜ್ವಾಕಿಯಿಂದ ಇಟ್ಟೀ ಹೌದಿಲ್ಲ?"

"ಇಟ್ಟೇನ್ರಿ ಅಮ್ಮಾ."

"ಅವು ಬರ್ಮಾದ ಕೆಂಪು. ನಮ್ಮಜ್ಜ ರಂಗೂನಿನ್ಯಾಗ ದುಡದು ತಂದಿದ್ದ. ಮಂಕ ಅದಾವಂತ ಮಂದಿ ಅಂತಾರ, ಅನ್ನಲಿ. ನೆಲದ ಹೊಟ್ಟ್ಯಾಗ ಹುಟ್ಟಿದ್ದಕ್ಕ ಒಂದರೆ ಕಲೆ ಇರಬೇಕು. ಕಲೆ ಇಲ್ಲದ್ದು ಕಾರ್ಖಾನ್ಯಾಗ ಹುಟ್ಟಿದ್ದು. ತುಟಿಗೆ ಹಚ್ಚಿ ನೋಡು, ಖರೇ ಹರಳು ತಣ್ಣಗ ಇರತೈತಿ, ಗಾಜು ಬೆಚ್ಚಗಾಗಿಬಿಡತೈತಿ. ಕೂದಲೆಳಿ ಗೆರಿ ಐತೆಲ್ಲ ಒಂದರಾಗ, ನಮ್ಮಮ್ಮ ತನ್ನ ಕೂದಲಾನ ಅದರೊಳಗ ಬಿದ್ದೈತಿ ಅಂತ ನಗತಿದ್ದಳು. ನಿಕಾ ದಿನ ಹುಡುಗಿ ಕೊರಳಿಗೆ ಹಾಕೂ ಮುಂದ ನಾ ಎಲ್ಲಾನೂ ಒಮ್ಮೆ ಮುಟ್ಟಿ ನೋಡಾಕಿ."

ಫೋನು ಇಟ್ಟ ಮೇಲೆ ಮುಸರತ ಕೂತಲ್ಲೇ ಉಳಿದಳು. ಎದುರಿಗೆ ಕಾಯಿಯ ರಾಶಿ ಇತ್ತು, ಮಡಿಲಲ್ಲಿ ತೊಟ್ಟು ಇತ್ತು, ಕೈ ಮಾತ್ರ ಏಳಲಿಲ್ಲ. ಎಂಥ ಹುಚ್ಚಿ ನಾನು, ಎಂಥ ಹುಚ್ಚಿ. ಹರಳು ಹೋದರೆ ಹೋಗಲಿ ಅನ್ನಬಹುದು. ಆದರೆ ಆ ಮನೆಯಲ್ಲಿ ನಾಳೆ ಏನನ್ನುತ್ತಾರೆ? ಹುಡುಗಿ ಬರುವ ಮುಂಚೆಯೇ ಅವಳ ತಾಯಿ ಹರಳು ತೆಗೆದು ಮಾರಿಕೊಂಡಳು ಅನ್ನುತ್ತಾರೆ. ಮೆಹನಾಜ ಇನ್ನು ಆ ಮನೆಯಲ್ಲಿ ಅನ್ನ ಬಡಿಸಿದರೂ ಹರಳು ಕದ್ದವಳ ಮಗಳು, ನೀರು ಕೊಟ್ಟರೂ ಹರಳು ಕದ್ದವಳ ಮಗಳು. ಈ ಮಾತು ತಲೆಗೆ ಹೊಕ್ಕಿದ್ದೇ ತಡ, ಮುಸರತ ಮಡಿಲು ಝಾಡಿಸಿ ಎದ್ದಳು. ಮನೆಗೆ ಹೋಗಿ ಪದಕವನ್ನು ಕುಪ್ಪಸದೊಳಗೆ ಸೇರಿಸಿ, ಬಳೆ ತರಲು ಮರೆತಿದ್ದೆ ಎಂದು ಮಗಳಿಗೆ ಸುಳ್ಳು ಹೇಳಿ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಅವಳು ಕಿಟಕಿ ಬದಿ ಕೂತಳು, ಎದ್ದು ಈ ಬದಿ ಬಂದಳು, ಮತ್ತೆ ಮುಂದಿನ ಸೀಟಿಗೆ ಹೋದಳು. ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತು ಡ್ರೈವರ್ ಚಹಾಕ್ಕೆ ಇಳಿದಾಗ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಇವಗ ಈಗನ ಚಾ ಬೇಕಾತು ನೋಡ್ರಿ" ಅಂದಳು ಪಕ್ಕದವಳಿಗೆ. ಪಕ್ಕದವಳು, "ಕುಂದ್ರವಾ ಅಕ್ಕ, ನೀ ಎದ್ದು ನಿಂತ್ರ ಬಸ್ಸು ಹೊಂಡಂಗಿಲ್ಲ" ಅಂದಳು. ಮುಸರತ ಕೂತಳು. ಕೂತಲ್ಲೇ ಕಾಲು ಕುಣಿಸುತ್ತ ಇದ್ದಳು.

ಪ್ರೇಮಕುಮಾರ ಒಲೆ ಊದುತ್ತಿದ್ದವನು ಅವಳ ಮುಖ ನೋಡಿ ಗಾಬರಿಯಾದ. ಅವು ಜೈತೂನಬಿಯ ಮನೆತನದ ಹರಳು, ತೆಗೆದವು ಎಲ್ಲಿ ಅಂತ ಕೇಳಿದರೆ ಒಂದು ತಗಡಿನ ಡಬ್ಬಿ ಮುಂದಿಟ್ಟ. "ಒಗದಿಲ್ರಿ. ಒಗ್ಯಾಕ ಮನಸಾಗಂಗಿಲ್ಲ ನಂಗ. ಆದ್ರ ಊರ ಮಂದೀವೆಲ್ಲಾ ಇದರಾಗ ಕೂಡ್ಯಾವು. ನೀವ ಆರಿಸ್ಕೊಬೇಕು" ಅಂದ. ಬಿಳಿ ಅರಿವೆಯ ಮೇಲೆ ಡಬ್ಬಿ ಸುರಿದ. ಕೆಂಪೇ ಕೆಂಪು. ಎಷ್ಟೋ ಮದುವೆಗಳ, ಎಷ್ಟೋ ಕಿವಿ ಮೂಗುಗಳ ಹರಳುಗಳು. ಮುಸರತಳಿಗೆ ಅಳು ಬಂತು. ಅಳುತ್ತ ಕೂತರೆ ಹರಳು ತಾವಾಗಿ ಎದ್ದು ಬರುತ್ತವೆಯೇ? ಸೆರಗಿನಿಂದ ಕಣ್ಣೊರೆಸಿಕೊಂಡು ಒಂದನ್ನು ಎತ್ತಿ ತುಟಿಗೆ ಹಚ್ಚಿದಳು.

ತುಟಿ ಧಗ್ಗೆಂದು ಉರಿಯಿತು. ಬೆಳಿಗ್ಗೆಯಿಂದ ಬಿಡಿಸಿದ್ದು ಬ್ಯಾಡಗಿ ಕಾಯಿಯಾಗಿದ್ದರೆ ಹೇಗೋ ತಡೆಯುತ್ತಿತ್ತು, ಅದು ಬಣ್ಣಕ್ಕೆ ಹೆಸರಾದದ್ದೇ ಹೊರತು ಖಾರಕ್ಕಲ್ಲ. ಈಗ ಯಾರ್ಡಿಗೆ ಬರುವ ಗುಂಟೂರು ಕಾಯಿ ಹಾಗಲ್ಲ, ಉಗುರ ಸಂದಿಯಲ್ಲಿ ಕೂತು ಸಂಜೆತನಕ ಸುಡುತ್ತದೆ. ಪ್ರೇಮಕುಮಾರ ಕೊಟ್ಟ ಸಾಬೂನು ಹಚ್ಚಿ ತೊಳೆದಳು, ಕೊಬ್ಬರಿ ಎಣ್ಣೆ ತಿಕ್ಕಿದಳು. ಮತ್ತೆ ತುಟಿಗೆ ಹಚ್ಚಿದರೆ ಮತ್ತೆ ಬೆಂಕಿ. ತಣ್ಣಗೆ ಯಾವುದು, ಬೆಚ್ಚಗೆ ಯಾವುದು, ದೇವರಿಗೇ ಗೊತ್ತು.

ಕಡೆಗೆ ಅರಿವೆಯನ್ನೇ ಎಳೆದುಕೊಂಡು ಬಾಗಿಲ ಬಿಸಿಲಿಗೆ ಬಂದು ಕೂತಳು. ಕಣ್ಣಿಂದ ನೋಡುವುದೊಂದೇ ದಾರಿ. ಒಂದೊಂದನ್ನೇ ಎತ್ತಿ ಬಿಸಿಲಿಗೆ ಹಿಡಿದಳು. ಮೊದಮೊದಲು ಎಲ್ಲವೂ ಒಂದೇ ಅನಿಸಿತು. ನೋಡುತ್ತ ನೋಡುತ್ತ ಕಣ್ಣು ಹದಕ್ಕೆ ಬಂತು. ಗಾಜಿನವು ಎಲ್ಲ ಕಡೆಯಿಂದಲೂ ಒಂದೇ ಕೆಂಪು, ಅಂಚು ಸವೆದು ಮೊಂಡಾಗಿದ್ದವು. ಕೆಲವದರೊಳಗೆ ಸೋಡಾದಲ್ಲಿ ಏಳುವಂಥ ದುಂಡನೆಯ ಗುಳ್ಳೆ. ಇನ್ನು ಕೆಲವು ಎಷ್ಟು ಸ್ವಚ್ಛವೆಂದರೆ ಒಳಗೆ ನೋಡಲು ಏನೂ ಇರಲಿಲ್ಲ. ಗೋದಾಮಿನಲ್ಲಿ ಕಲೆ ಬಿದ್ದ ಕಾಯಿಯನ್ನು ಎತ್ತಿ ಬದಿಗೆಸೆಯುವುದು ಅವಳ ಕೈಗೆ ಅಂಟಿದ ರೂಢಿ. ಇಲ್ಲಿ ಕಲೆಯಿದ್ದದ್ದನ್ನೇ ಉಳಿಸಿಕೊಳ್ಳಬೇಕು. ಕೈ ಎರಡು ಸಲ ತಪ್ಪಿ ಎಸೆಯಲು ಹೋಯಿತು, ಬೈದು ಹಿಡಿದಳು.

ಆಗ ಮುಕ್ಕಾದ ಮೂಲೆಯ ಹರಳು ಸಿಕ್ಕಿತು. ಮುಸರತಳಿಗೆ ಕಳೆದುಹೋದ ಮಗು ಸಿಕ್ಕಷ್ಟು ಸಂತೋಷವಾಯಿತು. ಏಳರ ತಪ್ಪುಗಳೂ ಅವಳಿಗೆ ಬಾಯಿಪಾಠ. ಅಷ್ಟು ದ್ವೇಷದಿಂದ ನೋಡಿದ್ದಳಲ್ಲ. ಹೊಗೆ ಕಟ್ಟಿದ್ದು ಸಿಕ್ಕಿತು. ಬಿಸಿಲಿಗೆ ಹಿಡಿದರೆ ಆ ಹೊಗೆ ರೇಷ್ಮೆಯ ಎಳೆಗಳಾಗಿ ಬಿಚ್ಚಿಕೊಂಡಿತು, ನಡುವೆ ಒಂದು ಕೆಂಪು ಮೆಲ್ಲಗೆ ಹೊರಳಿತು. ಇದನ್ನು ಅವಳು ಮನೆಯಲ್ಲಿ ನೋಡಿರಲೇ ಇಲ್ಲ. ಇಷ್ಟು ಚಂದದ್ದನ್ನು ಮಂಕು ಅಂದೆನಲ್ಲ ಎಂದು ಇನ್ನೊಮ್ಮೆ ಹೊರಳಿಸಿ ನೋಡಿದಳು. ತಿಳಿ ಗುಲಾಬಿಯದು ಸಿಕ್ಕಿತು, ಉಳಿದ ಮೂರೂ ಸಿಕ್ಕವು. ಕೂದಲೆಳೆಯದು ಮಾತ್ರ ಇಲ್ಲ. ರಾಶಿ ಮಗುಚಿದಳು, ಡಬ್ಬಿಯ ತಳ ಕೆರೆದಳು, ಅರಿವೆ ಝಾಡಿಸಿದಳು. ಇಲ್ಲ.

ಅವಳ ಒದ್ದಾಟ ನೋಡಲಾರದೆ ಪ್ರೇಮಕುಮಾರ ಫೋನು ಕಿವಿಗೆ ಹಚ್ಚಿದ್ದ. "ಜೈತೂನಬಿ ಅಮ್ಮಾರ ಮನಿ ಇಲ್ಲೇ ಹಿಂದಿನ ಓಣ್ಯಾಗ ಅಲ್ರಿ? ಅವರು ಬಂದ್ರ ಚಿಟಕಿ ಹೊಡ್ಯೂದರಾಗ ತಗದಕೊಡ್ತಾರ." ಬೇಡ ಬೇಡ ಎಂದು ಮುಸರತ ಏಳುವುದರೊಳಗೆ ಆ ಪುಣ್ಯಾತ್ಮ ಮಾತು ಮುಗಿಸಿಯೂ ಆಗಿತ್ತು. ಒಳ್ಳೆಯದು ಮಾಡಿದೆನೆಂಬ ಖುಷಿಯಲ್ಲಿ ಚಹಾ ಹೇಳಿಬರಲು ಹೊರಟುಹೋದ.

ಓಡಿಹೋಗಲೇ ಅಂದುಕೊಂಡಳು. ಹೊಸ್ತಿಲತನಕ ಹೋಗಿ ತಿರುಗಿ ಬಂದಳು. ಅಷ್ಟರಲ್ಲಿ ಜೈತೂನಬಿ ಕೋಲೂರುತ್ತ, ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು. ಮೊಮ್ಮಗ ಬಿಡಲು ಬರುತ್ತೇನೆಂದರೂ ಬೇಡವೆಂದು ಒಬ್ಬಳೇ ಬಂದಿದ್ದಳಂತೆ.

ಮುಸರತ ಕುಪ್ಪಸದಿಂದ ಪದಕ ತೆಗೆದು ಮುದುಕಿಯ ಅಂಗೈಯಲ್ಲಿಟ್ಟಳು. "ಅಮ್ಮಾ, ಹರಳು ನಾನ ತಗಸೇನ್ರಿ. ಮಂಕ ಅದಾವಂತ ಹೊಸಾವು ಹಾಕಿಸಿದ್ನಿ. ಮಾರಿಕೊಂಡಿಲ್ರಿ, ಅಲ್ಲಾನ ಆಣಿ. ಆರು ಸಿಕ್ಕಾವು, ಕೂದಲೆಳೀದು ಇನ್ನೂ ಸಿಕ್ಕಿಲ್ಲ. ನನಗ ಏನು ಬೇಕಾದ್ದು ಅನ್ರಿ, ಹುಡುಗಿಗೆ ಮಾತ್ರ ಏನೂ ಅನಬ್ಯಾಡ್ರಿ."

ಜೈತೂನಬಿ ಪದಕದ ಮೇಲೆ ಹೆಬ್ಬೆರಳು ಆಡಿಸಿದಳು. ಏಳು ಹರಳನ್ನೂ ಒಂದೊಂದಾಗಿ ಮುಟ್ಟಿದಳು. ಆಮೇಲೆ, "ಉಳದ ಹರಳು ತಾ ಇಲ್ಲೆ" ಅಂದಳು.

ಒಂದೊಂದನ್ನೇ ಎತ್ತಿ ತುಟಿಗೆ ಹಚ್ಚಿದಳು, ಪಕ್ಕಕ್ಕಿಟ್ಟಳು. ಹಚ್ಚಿದಳು, ಇಟ್ಟಳು. ಮುಸರತ ಆ ಬೆರಳುಗಳನ್ನೇ ನೋಡುತ್ತಿದ್ದಳು. ಒಂದು ಹರಳಿಗೆ ಬಂದಾಗ ಮುದುಕಿಯ ಮುಖ ಅರಳಿತು. "ಇದ ನೋಡು. ಇದಾ ನಮ್ಮಮ್ಮಂದು." ಅವಳ ಕಣ್ಣು ತುಂಬಿಬಂತು. ಹರಳನ್ನು ಎದೆಗೊತ್ತಿಕೊಂಡು, "ಹೋಗಲಿ ಬಿಡು, ಸಿಕ್ಕಿತಲ್ಲ. ಹುಡುಗಿಗೆ ಯಾಕ ಅಂತೇನಿ? ಆಕಿ ನಮ್ಮ ಮನಿ ಬೆಳಕು. ಆಗಿದ್ದು ಆತು" ಅಂದಳು.

ಮುಸರತಳ ಎದೆಯ ಮೇಲಿನ ಬಂಡೆ ಇಳಿಯಿತು. ಇಳಿದದ್ದು ಒಂದು ಗಳಿಗೆ ಮಾತ್ರ. ಜೈತೂನಬಿ ಹರಳನ್ನು ಅವಳ ಕೈಗೆ ಕೊಟ್ಟಾಗ ಅದು ಬಿಸಿಲಿಗೆ ಬಂತು. ಒಳಗೆ ದುಂಡನೆಯ ಗುಳ್ಳೆ. ಗಾಜು. ಮುದುಕಿ ತುಟಿಗೆ ಹಚ್ಚಿ ಬೇಡವೆಂದು ಪಕ್ಕಕ್ಕಿಟ್ಟ ಹರಳುಗಳ ಕಡೆ ಮುಸರತ ನೋಡಿದಳು. ಅಲ್ಲಿ, ಅವುಗಳ ನಡುವೆ, ತಾನು ನೋಡಿದಾಗ ಮಗ್ಗುಲು ತಿರುಗಿ ಗೆರೆ ಮರೆಯಾಗಿದ್ದ ಹರಳು ಈಗ ಉದ್ದಕ್ಕೂ ಕೂದಲೆಳೆ ಹೊತ್ತು ಕೂತಿತ್ತು.

ಸುಮ್ಮನಿದ್ದರೆ ಎಲ್ಲವೂ ಮುಗಿಯಿತು. ಕ್ಷಮೆ ಸಿಕ್ಕಿದೆ, ಮಗಳ ಹೆಸರು ಉಳಿದಿದೆ. ಹೆಣ್ಣಿನ ಕಡೆಯವಳು, ಅದರಲ್ಲೂ ತಪ್ಪು ಮಾಡಿ ಸಿಕ್ಕವಳು, ಗಂಡಿನ ಮನೆಯ ಹಿರಿಯಳಿಗೆ ನೀವು ತಪ್ಪಿದಿರಿ ಅನ್ನುವುದುಂಟೆ? ಆಮೇಲೆ ಗುಟ್ಟಾಗಿ ಬದಲಿಸಿ ಕೂರಿಸು ಎಂದು ಪ್ರೇಮಕುಮಾರನಿಗೆ ಹೇಳಿದರಾಯಿತು. ಆದರೆ ಹೇಳದೆ ಕೇಳದೆ ಹರಳು ಬದಲಿಸಿ ಪಟ್ಟ ಪಾಡು ಸಾಲದೆ? ಮತ್ತೊಮ್ಮೆ ಅದನ್ನೇ ಮಾಡುವ ಧೈರ್ಯ ಅವಳಿಗಿರಲಿಲ್ಲ.

"ಅಮ್ಮಾ, ಸಿಟ್ಟಾಗಬ್ಯಾಡ್ರಿ. ಇದು ಗಾಜು ಐತ್ರಿ. ನಿಮ್ಮಮ್ಮಂದು ಇಲ್ಲೈತಿ."

ಜೈತೂನಬಿಯ ಮುಖ ಗಂಟಾಯಿತು. "ನನಗ ಕಲಸ್ತೀಯೇನು?" ಅಂದಳು. ಮುಸರತ ಕೂದಲೆಳೆಯ ಹರಳನ್ನು ಅವಳ ಬೆರಳಿಗೆ ಕೊಟ್ಟಳು. ಮುದುಕಿ ಅದನ್ನು ಬಿಸಿಲಿಗೆ ಹಿಡಿದಳು, ಕಣ್ಣಿನ ಸಮೀಪ ತಂದಳು, ಇನ್ನೂ ಸಮೀಪ ತಂದಳು. ರೆಪ್ಪೆಗೆ ತಾಗುವಷ್ಟು. ಆಮೇಲೆ ಉಗುರಿನಿಂದ ಅದರ ಮೈ ತಡವಿದಳು, ಒಳಗಿನ ಗೆರೆ ಉಗುರಿಗೆ ಸಿಗುವುದೇ? ತುಟಿಗೆ ಇದನ್ನು ಹಚ್ಚಿದಳು, ಅದನ್ನು ಹಚ್ಚಿದಳು, ಮತ್ತೆ ಇದನ್ನು.

"ಬಿಸಲಿಗೆ ಕಾದು ಎಲ್ಲಾ ಒಂದ ಆಗ್ಯಾವಲ್ಲೇ" ಅಂದಳು ತನಗೆ ತಾನೇ. ಆಮೇಲೆ ಮುಸರತಳತ್ತ ತಿರುಗಿ, "ಗೆರಿ ಐತಿ, ಹೌದಿಲ್ಲ? ಖರೇ ಹೇಳು."

"ಐತ್ರಿ. ಮ್ಯಾಲಿಂದ ಕೆಳಗಿನತನಕ ಐತ್ರಿ."

ಜೈತೂನಬಿ ಹರಳನ್ನು ಮುಸರತಳ ಅಂಗೈಗೆ ಹಾಕಿ, ಆ ಬೆರಳುಗಳನ್ನು ತಾನೇ ಮಡಚಿದಳು. ಹೊರಗೆ ಪ್ರೇಮಕುಮಾರ ಚಹಾದವನೊಂದಿಗೆ ಮಾತಾಡುವುದು ಕೇಳುತ್ತಿತ್ತು. ಮುದುಕಿ ದನಿ ತಗ್ಗಿಸಿದಳು.

"ನಂಗ ಕಾಣವಲ್ದು ಅಂತ ಮನ್ಯಾಗ ಯಾರಿಗೂ ಗೊತ್ತಿಲ್ಲ. ಗೊತ್ತಾದ್ರ ಕೀಲಿಕೈ ಇಸಕೊಂಡು ಮೂಲ್ಯಾಗ ಕುಂದ್ರಸ್ತಾರ. ನಿಂದು ನಾ ಹೇಳಂಗಿಲ್ಲ. ನಂದು ನೀ ಹೇಳಬ್ಯಾಡ."

"ಇಲ್ರಿ ಅಮ್ಮಾ, ಹೇಳಂಗಿಲ್ಲ."

"ಐತವಾರ ನನ್ನ ಬಾಜೂಕ ನಿಂದ್ರು. ಮಂದಿ ಎಲ್ಲಾ ನೋಡತಿರತಾರ. ಸರದ ಕೊಂಡಿ ಎಲ್ಲೈತಿ ಅಂತ ನನ್ನ ಬೆರಳು ಹಿಡದು ತೋರಸು."

ಮುಸರತ ತಲೆಯಾಡಿಸಿದಳು. ಜೈತೂನಬಿ ಇನ್ನೂ ಅವಳತ್ತ ಮುಖ ಮಾಡಿ ಕಾಯುತ್ತಲೇ ಇದ್ದಳು. ಆಗ ಮುಸರತಳಿಗೆ ಹೊಳೆಯಿತು. "ನಿಂದ್ರತೇನ್ರಿ" ಎಂದು ಬಾಯಿ ಬಿಟ್ಟು ಹೇಳಿದಳು.