ಗಂಡನ ಹೆಸರಿನ ಹಾಜರಿ

ಕಾಲೇಜಿನ ವಾಟ್ಸಾಪ್ ಗುಂಪಿಗೆ ಆ ನೋಟಿಸು ಬಂದಾಗ ಸಂಗೀತ ಕುರಿಹಟ್ಟಿಯ ಬೇಲಿಗೆ ಒರಗಿ ನಿಂತಿದ್ದಳು. ಬಳ್ಳಿಗಾವಿಯ ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲೊಂದೇ ಕಡೆ. ಬರುವ ಸೋಮವಾರದಿಂದ ಪಾಠ ಹೈಬ್ರಿಡ್ ಅಂತೆ. ಅರ್ಧ ಜನ ಶಿಕಾರಿಪುರಕ್ಕೆ ಬಂದು ಬೆಂಚಿನ ಮೇಲೆ ಕೂರಬೇಕು, ಉಳಿದರ್ಧ ಜನ ಅದೇ ಪಾಠವನ್ನು ಮನೆಯಿಂದ ಫೋನಿನಲ್ಲಿ ಕೇಳಬೇಕು, ಮಾರನೆಯ ವಾರ ಅದಲು ಬದಲು. ಪ್ರಾಕ್ಟಿಕಲ್ಲು ಸೊರಬದಲ್ಲಿರುವ ಕಾಲೇಜಿನ ಶೆಡ್ಡಿನಲ್ಲಿ. ಮೊದಲು ಬರಬೇಕಾದವರ ಹೆಸರುಗಳಲ್ಲಿ ತಿಪ್ಪೇಶ ಅಂತಲೂ ಇತ್ತು. ಅದನ್ನು ನೋಡಿದವಳು ನೋಟಿಸನ್ನು ಮತ್ತೆ ಮೊದಲಿಂದ ಓದಿದಳು.

ತಿಪ್ಪೇಶ ಅವಳ ಗಂಡ. ಕಾಲೇಜಿಗೆ ಸೇರಿದವನು ಅವನೇ, ಅದರಲ್ಲಿ ಮೋಸವೇನಿಲ್ಲ. ಪಂಚಾಯ್ತಿಯಲ್ಲಿ ನೀರಿನ ಪಂಪು ನೋಡಿಕೊಳ್ಳುವ ಕೆಲಸವೊಂದು ಖಾಲಿಯಾಗಲಿದೆ, ಪಂಪ್‌ಸೆಟ್ ದುರಸ್ತಿಯ ಡಿಪ್ಲೊಮಾ ಇದ್ದವರಿಗೇ ಅದು ಎಂದು ಯಾರೋ ಕಿವಿಗೆ ಹಾಕಿದ್ದರು. ಶಿಕಾರಿಪುರದ ಸಮುದಾಯ ಕಾಲೇಜಿಗೆ ಹೋಗಿ ಫೋಟೋ ಅಂಟಿಸಿ ಸಹಿ ಹಾಕಿ ಬಂದ. ಮೋಸ ಶುರುವಾದದ್ದು ಆಮೇಲೆ. ಆಗ ಪಾಠವೆಲ್ಲ ಆನ್‌ಲೈನು. ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋಗುವ ಗುಡ್ಡದಲ್ಲಿ ಒಂದು ಗೆರೆ ಸಿಗ್ನಲ್ ಕೂಡ ಇರಲಿಲ್ಲ. ‘ನೀನ ಫೋನ್ ಹಚ್ಚಿ ಇಟ್ಟಿರು, ಹಾಜರಿ ಬಿದ್ರ ಸಾಕು’ ಎಂದು ಹೆಂಡತಿಯ ಕೈಗೆ ಮೊಬೈಲು ಕೊಟ್ಟು, ಹಳೆಯ ಕೀಪ್ಯಾಡ್ ಫೋನನ್ನು ಜೇಬಿಗಿಳಿಸಿ ಹೊರಟವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಫೋನು ಹಚ್ಚಿಟ್ಟು ಸುಮ್ಮನೆ ಕೂರುವ ಪೈಕಿಯವಳಲ್ಲ ಸಂಗೀತ. ತವರು ಚಂದ್ರಗುತ್ತಿಯಿಂದ ಸೊರಬಕ್ಕೆ ಬಸ್ಸಿನಲ್ಲಿ ಓಡಾಡಿ ಪಿಯುಸಿ ಸೈನ್ಸ್ ಓದುತ್ತಿದ್ದವಳನ್ನು ನಡುವೆಯೇ ಎಬ್ಬಿಸಿ ಮದುವೆ ಮಾಡಿದ್ದರು. ಅರ್ಧ ಉಂಡು ಎದ್ದವರ ಹಸಿವು ಯಾರಿಗೂ ಕಾಣುವುದಿಲ್ಲ. ಮೊದಲ ವಾರ ಬಟ್ಟೆ ಒಗೆಯುತ್ತ ಕೇಳಿದಳು. ಎರಡನೆಯ ವಾರ ಬಟ್ಟೆಯನ್ನು ಬದಿಗಿಟ್ಟು ಕೇಳಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಪಾಠ ಮಾಡುವ ಮಲ್ಲಿಕಾರ್ಜುನ್ ಸರ್ ಏನು ಪ್ರಶ್ನೆ ಎಸೆದರೂ ಪರದೆಯ ಮೇಲೆ ಮೊದಲು ಬೀಳುವ ಉತ್ತರ ತಿಪ್ಪೇಶನದು. ‘ತಿಪ್ಪೇಶ್‌ನ ನೋಡಿ ಕಲೀರಿ’ ಎಂದು ಸರ್ ಮಿಕ್ಕವರನ್ನು ಚುಚ್ಚುತ್ತಿದ್ದರು. ಸಂಗೀತ ಬೇಲಿಯ ಪಕ್ಕ ಒಬ್ಬಳೇ ಹಿಗ್ಗುತ್ತಿದ್ದಳು. ಹೆಸರು ಯಾರದ್ದಾದರೇನು, ಹೊಗಳಿಕೆ ಬಂದು ಬೀಳುತ್ತಿದ್ದದ್ದು ಅವಳ ಕಿವಿಗೇ ಅಲ್ಲವೇ?

ಒಂದೇ ಒಂದು ತೊಡಕಿತ್ತು. ಹಾಜರಿಯ ಹೊತ್ತಿಗೆ ಎಲ್ಲರೂ ಮೈಕ್ ತೆರೆದು ಹೆಸರು ಹೇಳಬೇಕು. ಹೆಣ್ಣು ದನಿ ಕೇಳಿದರೆ ಗುಟ್ಟು ರಟ್ಟಾಗುತ್ತದೆ ಅನ್ನುವುದು ಆಮೇಲಿನ ಮಾತು. ಅದಕ್ಕೂ ಮೊದಲು, ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಆ ಮನೆಯಲ್ಲಿ ಹೆಂಗಸರು ಅದನ್ನು ಹೇಳಿದ್ದೇ ಇಲ್ಲ. ರೇಷನ್ ಅಂಗಡಿಯವನು ‘ಯಜಮಾನರ ಹೆಸರು?’ ಎಂದರೆ ಅತ್ತೆ ಈಶ್ವರಮ್ಮ ಪಕ್ಕದಲ್ಲಿ ನಿಂತವರ ಕಡೆ ತಿರುಗಿ ‘ನೀವ ಹೇಳ್ರೀ’ ಅನ್ನುವವಳು. ಹೆಸರು ಕರೆದರೆ ಗಂಡನ ಆಯಸ್ಸು ಸವೆಯುತ್ತದೆ ಅನ್ನುವುದು ಅವಳ ಲೆಕ್ಕ. ಸಂಗೀತ ದಾರಿ ಹುಡುಕಿಕೊಂಡಳು. ‘ಮೈಕ್ ಹಾಳಾಗಿದೆ ಸರ್. ತಿಪ್ಪೇಶ, ಪ್ರೆಸೆಂಟ್’ ಎಂದು ಟೈಪ್ ಮಾಡುತ್ತಿದ್ದಳು. ಬೆರಳಿನಲ್ಲಿ ಬರೆದರೆ ಆಯಸ್ಸು ಸವೆಯುತ್ತದೆಂದು ಹಿರಿಯರು ಯಾರೂ ಹೇಳಿರಲಿಲ್ಲ, ಅವರ ಕಾಲದಲ್ಲಿ ಟೈಪಿಂಗೂ ಇರಲಿಲ್ಲ.

ಈಗ ಹೈಬ್ರಿಡ್. ಇನ್ನು ತಿಪ್ಪೇಶ ಹೋಗಬೇಕು, ಬೆಂಚಿನ ಮೇಲೆ ಕೂರಬೇಕು, ಬಾಯಿ ಬಿಡಬೇಕು. ಸೊರಬದ ಶೆಡ್ಡಿನಲ್ಲಿ ಮೋಟರ್ ಬಿಚ್ಚುವುದೂ ಅವನೇ. ಅವಳಿಗೆ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಇಷ್ಟು ದಿನ ಚಿತ್ರದಲ್ಲಿ ಮಾತ್ರ ನೋಡಿದ, ಮೋಟರಿನೊಳಗಿನ ತಂತಿ ಸುತ್ತಿದ ವೈಂಡಿಂಗನ್ನು ಒಂದು ಸಲ ಕೈಯಲ್ಲಿ ಮುಟ್ಟಬೇಕೆಂದು ಅವಳು ಹಂಬಲಿಸಿದ್ದು ಯಾರಿಗೆ ಗೊತ್ತು? ನೋಟಿಸು ಬಂದಾಗಿನಿಂದ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು.

‘ಏನಾಗೇತಿ ನಿಂಗ? ಮೈಯಾಗ ಇರುವಿ ಬಿಟ್ಕಂಡಂಗ ಆಡ್ತಿ’ ಎಂದಳು ಈಶ್ವರಮ್ಮ.

‘ಏನಿಲ್ಲ ಅತ್ತೆ. ಸೋಮಾರ ಇವ್ರು ಕಾಲೇಜಿಗೆ ಹೋಗ್ಬೇಕಂತೆ.’

‘ಹೋಗ್ಲಿ ಬಿಡು, ಅವ್ನ ಕಾಲೇಜು ಅವ್ನು ಹೋಗ್ತಾನ. ನಿಂಗ್ಯಾಕ ಚಿಂತಿ?’

ಅತ್ತೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಅದು ಅಷ್ಟು ನೋಯಿಸಿತು.

ಭಾನುವಾರ ಮಧ್ಯಾಹ್ನ ಗಂಡನನ್ನು ಹಿಡಿದು ಅಂಗಳದಲ್ಲಿ ಕೂರಿಸಿದಳು. ಮಳೆಗಾಲದಿಂದ ಸುಗ್ಗಿಯವರೆಗಿನ ಪಾಠವನ್ನು ಸಂಜೆಯೊಳಗೆ ಅವನ ತಲೆಗೆ ತುರುಕುವ ಹಟ. ಬೋರ್ಡಿಲ್ಲ, ಸೀಮೆಸುಣ್ಣವಿಲ್ಲ. ರಂಗೋಲಿ ಡಬ್ಬಿ ತಂದು, ಸಾರಿಸಿದ ನೆಲದ ಮೇಲೆ ಮೋಟರಿನ ತಂತಿ ಜೋಡಿಸುವ ಸ್ಟಾರ್ ಕನೆಕ್ಷನ್ ಬರೆದಳು, ಪಕ್ಕದಲ್ಲಿ ತ್ರಿಕೋನದ ಡೆಲ್ಟಾ ಬರೆದಳು.

‘ಇಲ್ನೋಡಿ. ಮೋಟ್ರು ಶುರುವಾಗೋವಾಗ ಹಿಂಗೆ, ವೇಗ ಹಿಡಿದ್ಮೇಲೆ ಹಿಂಗೆ. ಯಾಕೆ ಹೇಳಿ?’

‘ಯಾಕಂದ್ರ... ಹಂಗ ಇರ್ತತಿ ಅದು’ ಎಂದ ತಿಪ್ಪೇಶ.

‘ಮೂರು ಫೇಸಲ್ಲಿ ಒಂದು ಹೋದ್ರೆ?’

‘ಕೆಪಾಸಿಟರ್ ಹಾಕಿದ್ರ ಎರಡ್ರಾಗೂ ಓಡ್ತತಿ. ನಮ್ಮ ಹೊಲ್ದಾಗ ಎಲ್ರೂ ಹಂಗ ಓಡಿಸ್ತಾರ.’

‘ಅದಕ್ಕೇ ಎಲ್ರ ಮೋಟ್ರೂ ವರ್ಷಕ್ಕೊಂದ್ಸಲ ಸುಡೋದು!’

ತಿಪ್ಪೇಶ ಕೆಟ್ಟವನಲ್ಲ. ಕುರಿಗೆ ಕಾಲುಬೇನೆ ಬಂದರೆ ಊಟ ಬಿಡುವ ಮನುಷ್ಯ. ಆದರೆ ಕೂತಲ್ಲಿ ಪಾಠ ಅಂದರೆ ಅವನಿಗೆ ನಿದ್ದೆಯ ಗುಳಿಗೆ ನುಂಗಿಸಿದ ಹಾಗೆ. ಸಂಗೀತ ಇನ್ನೂ ಸ್ಟಾರ್ಟರಿನ ಹತ್ತಿರ ಬರುವಷ್ಟರಲ್ಲಿ ಅವನ ಗದ್ದ ಎದೆಗೆ ತಾಗಿತ್ತು. ಅಷ್ಟರಲ್ಲಿ ಮಾವ ಚಿಕ್ಕಬೀರಪ್ಪ ಕುರಿಗಳನ್ನು ಹಟ್ಟಿಗೆ ತಿರುಗಿಸಿದ. ಇಡೀ ಹಿಂಡು ಸ್ಟಾರಿನ ಮೇಲೂ ಡೆಲ್ಟಾದ ಮೇಲೂ ನಡೆದುಹೋಯಿತು. ಅಳಿಸಿಹೋದ ಬಿಳಿ ಪುಡಿಯನ್ನು ನೋಡುತ್ತ ಅವಳು ಅಳುವುದೊಂದು ಬಾಕಿ.

ಸೋಮವಾರ ಬೆಳಿಗ್ಗೆ ತಿಪ್ಪೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೈಕು ಹೊರತೆಗೆದ. ಕುರಿಯ ಜೊತೆ ಆವತ್ತು ಚಿಕ್ಕಬೀರಪ್ಪ ಹೋದ.

‘ಫೋನ್ ಕೊಡು ಇಲ್ಲಿ’ ಎಂದ ತಿಪ್ಪೇಶ.

‘ಅದ್ರಲ್ಲಿ ಚಾರ್ಜೇ ಇಲ್ಲ. ಬೆಂಚ್ ಮೇಲೆ ಕೂರೋರಿಗೆ ಫೋನ್ ಯಾಕೆ?’ ಎಂದಳು ಸಂಗೀತ. ಚಾರ್ಜು ಭರ್ತಿ ಇತ್ತು. ಮದುವೆಯಾದಾಗಿನಿಂದ ಗಂಡನಿಗೆ ಅವಳು ಹೇಳಿದ ಸುಳ್ಳುಗಳಲ್ಲಿ ಇಷ್ಟು ಸಲೀಸಾಗಿ ಬಂದದ್ದು ಬೇರೊಂದಿಲ್ಲ.

ಬೈಕಿನ ಸದ್ದು ದೂರವಾದ ಮೇಲೆ ಒಂದಷ್ಟು ಹೊತ್ತು ತಡೆದಳು. ಇವತ್ತಿನ ಪಾಠ ಅವಳದಲ್ಲ. ಈ ವಾರ ಆ ಹೆಸರಿನವರು ಫೋನಿನಲ್ಲಿ ಇರಲೇಬಾರದು, ಅದು ಅವಳಿಗೂ ಗೊತ್ತು. ಪಾತ್ರೆ ತಿಕ್ಕಿದಳು. ಕೊಟ್ಟಿಗೆಗೆ ಹೋಗಿ ಯಾಕೆ ಬಂದೆನೆಂದು ಮರೆತು ವಾಪಸು ಬಂದಳು. ಕೊನೆಗೆ ಕಾಲುಗಳೇ ಅವಳನ್ನು ಬೇಲಿಯ ಹತ್ತಿರ ತಂದು ನಿಲ್ಲಿಸಿದವು. ಸುಮ್ಮನೆ ಕೇಳುತ್ತೇನೆ, ಒಂದಕ್ಷರ ಟೈಪ್ ಮಾಡುವುದಿಲ್ಲ ಎಂದುಕೊಂಡು ಲಿಂಕ್ ಒತ್ತಿದಳು. ಪಾಠದ ಆ ಆ್ಯಪ್ ಹೆಸರು ಕೇಳುವುದಿಲ್ಲ. ಮೊದಲಿಂದ ಇದ್ದ ಹೆಸರನ್ನೇ ಹಾಕಿಕೊಂಡು ಒಳಗೆ ಬಿಡುತ್ತದೆ.

ತರಗತಿ ಕಂಡಿತು. ಕ್ಯಾಮರಾವನ್ನು ಬೆಂಚುಗಳ ಕಡೆ ತಿರುಗಿಸಿಟ್ಟಿದ್ದರು. ಗೋಡೆಯ ಮೇಲೆ ದೊಡ್ಡ ಪರದೆ, ಫೋನಿನಲ್ಲಿದ್ದವರು ಬರೆದದ್ದೆಲ್ಲ ಅದರ ಮೇಲೆ ಬೀಳುತ್ತಿತ್ತು. ಬೆಂಚುಗಳ ನಡುವೆ ನಿಂತಿದ್ದ ಮಲ್ಲಿಕಾರ್ಜುನ್ ಸರ್ ಅವಳು ಅಂದುಕೊಂಡದ್ದಕ್ಕಿಂತ ಕುಳ್ಳಗಿದ್ದರು. ಮೂರನೆಯ ಬೆಂಚಿನಲ್ಲಿ ಇಸ್ತ್ರಿ ಅಂಗಿ, ಬಗ್ಗಿಸಿದ ತಲೆ, ಅವಳ ಗಂಡ.

‘ಎಲ್ಲಪ್ಪಾ ನಮ್ಮ ತಿಪ್ಪೇಶ್?’ ಎಂದರು ಸರ್, ಸಂಭ್ರಮದಿಂದ. ‘ಎದ್ದು ನಿಲ್ರೀ, ಎಲ್ಲಾ ನಿಮ್ಮ ಮುಖ ನೋಡ್ಲಿ. ಓಡ್ತಿರೋ ತ್ರೀ ಫೇಸ್ ಮೋಟರಿನಲ್ಲಿ ಒಂದು ಫೇಸ್ ಹೋದ್ರೆ ಏನಾಗುತ್ತೆ, ಹೇಳಿ ಇವರಿಗೆ.’

ತಿಪ್ಪೇಶ ಎದ್ದ. ಕತ್ತು ಕೆರೆದುಕೊಂಡ. ಕಿಟಕಿ ನೋಡಿದ. ನಿನ್ನೆ ಮಧ್ಯಾಹ್ನ ಹೇಳಿಕೊಟ್ಟದ್ದೇ ಅದು! ಸಂಗೀತ ಫೋನನ್ನು ಮುಖದ ಹತ್ತಿರ ತಂದಳು. ಹೇಳಿ, ಹೇಳಿ ಎಂದು ಫೋನಿಗೆ ಹಲ್ಲು ಕಚ್ಚಿ ಅಂದಳು. ಅವನು ಹೇಳಲಿಲ್ಲ. ಮೈಕ್ ಮುಚ್ಚಿತ್ತು, ಕೇಳಿಸುವುದಾದರೂ ಎಲ್ಲಿಂದ? ಸರ್ ಕಾದರು. ಇಷ್ಟು ತಿಂಗಳ ಚಾಳಿ ಬಿದ್ದ ಬೆರಳುಗಳು ಅವಳ ಮಾತು ಕೇಳಲಿಲ್ಲ. ಉತ್ತರವನ್ನು ಟೈಪ್ ಮಾಡಿ ಕಳಿಸಿಯೇಬಿಟ್ಟವು.

ತಿಪ್ಪೇಶ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಾಗಲೇ ಗೋಡೆಯ ಮೇಲೆ ತಿಪ್ಪೇಶನ ಉತ್ತರ ಮೂಡಿತು. ತರಗತಿ ಗೊಳ್ಳೆಂದಿತು.

‘ಇಲ್ಲಿರೋರು ಯಾರು, ಅಲ್ಲಿರೋರು ಯಾರು?’ ಸರ್ ಕನ್ನಡಕ ತೆಗೆದರು. ‘ತಿಪ್ಪೇಶ್, ಇಷ್ಟು ದಿನ ನನ್ ಜೊತೆ ಪಾಠದಲ್ಲಿ ಇದ್ದದ್ದು ಯಾರ್ರೀ?’

‘ನಾನ ರೀ ಸರ್’ ಎಂದ ತಿಪ್ಪೇಶ. ‘ಫೋನ್ ಮನ್ಯಾಗ ಬಿಟ್ಟು ಬಂದೀನಿ. ಹೆಂಡ್ತಿ ಏನೋ ಒತ್ತಿರ್ಬೇಕ್ರಿ. ಆಕಿಗೆ ಇದೆಲ್ಲ ಏನೂ ತಿಳಿಯಂಗಿಲ್ರಿ. ಹಳೇದು ಯಾವ್ದೋ ಕಾಪಿ ಆಗಿ ಹೋಗಿರ್ತತಿ.’

ಏನೂ ತಿಳಿಯುವುದಿಲ್ಲ. ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ನಿನ್ನೆ ರಂಗೋಲಿ ಪುಡಿಯಲ್ಲಿ ಮಂಡಿ ಊರಿ ಕೂತು ಹೇಳಿಕೊಟ್ಟವಳು ಅವಳು. ಫೋನಿನಲ್ಲೇ ಬರೆದ ಪರೀಕ್ಷೆಗೆ ರಾತ್ರಿ ಓದಿ ಬೆಳಿಗ್ಗೆ ರೊಟ್ಟಿ ತಟ್ಟಿದವಳು ಅವಳು. ಹೆಸರು ಹೋದರೆ ಹೋಗಲಿ ಎಂದು ಇಷ್ಟು ದಿನ ಸುಮ್ಮನಿದ್ದಳು, ಈಗ ತಲೆಯೂ ಇಲ್ಲ ಅನ್ನುತ್ತಿದ್ದಾನಲ್ಲ! ಮುಂದೇನಾದೀತೆಂದು ನೋಡಲಿಲ್ಲ. ಒಂದು ದಿನವೂ ಮುಟ್ಟದಿದ್ದ ಮೈಕಿನ ಗುರುತನ್ನು ಒತ್ತಿದಳು.

‘ತಿಪ್ಪೇಶ! ಸುಳ್ಳ್ ಯಾಕೆ ಹೇಳ್ತೀರಿ?’

ಶಿಕಾರಿಪುರದ ಆ ಕೋಣೆಯಲ್ಲಿ ಎರಡೂ ಸ್ಪೀಕರುಗಳಿಂದ ಆ ಹೆಸರು ಬಡಿಯಿತು. ಇಲ್ಲಿ ಅಂಗಳದಲ್ಲಿ ಈಶ್ವರಮ್ಮನ ಕೈಯಿಂದ ಕೊಡ ಜಾರಿ ನೀರೆಲ್ಲ ನೆಲದ ಪಾಲಾಯಿತು. ತಿಪ್ಪೇಶ ಬೆನ್ನಿಗೆ ಕಲ್ಲು ಬಿದ್ದವನಂತೆ ಪರದೆಯ ಕಡೆ ತಿರುಗಿದ.

ನಿಲ್ಲಿಸಲು ಅವಳಿಗೂ ಆಗಲಿಲ್ಲ. ‘ಸರ್, ಮೋಟ್ರು ನಿಲ್ಲಲ್ಲ, ಓಡ್ತಾನೇ ಇರುತ್ತೆ. ಉಳಿದೆರಡು ಫೇಸ್ ಮೇಲೇ ಹೊರೆ ಬಿದ್ದು ಕರೆಂಟು ಜಾಸ್ತಿ ಎಳೆಯುತ್ತೆ. ಹೊರಗಿಂದ ನೋಡೋರಿಗೆ ಎಲ್ಲಾ ಸರಿಯಾಗೇ ಇದೆ ಅನ್ಸುತ್ತೆ, ಒಳಗೆ ವೈಂಡಿಂಗ್ ಸುಡ್ತಿರುತ್ತೆ. ಒಂದ್ಸಲ ನಿಂತ್ರೆ ಮತ್ತೆ ಏಳಲ್ಲ ಸರ್, ಗುಂಯ್ ಅನ್ನುತ್ತೆ ಅಷ್ಟೇ.’

ಹಟ್ಟಿಯಲ್ಲಿ ಉಳಿದಿದ್ದ ಮರಿಗಳು ಅದೇ ಹೊತ್ತಿಗೆ ಬ್ಯಾ ಎಂದು ಅರಚಿದವು. ಈ ಸಲ ತರಗತಿಯಲ್ಲಿ ಯಾರೂ ನಗಲಿಲ್ಲ.

‘ನಿಮ್ಮ ಹೆಸರೇನಮ್ಮ?’ ಎಂದರು ಸರ್.

‘ಸಂಗೀತ.’

‘ಸಂಗೀತ. ಉತ್ತರ ಸರಿ ಇದೆ. ಮಾಡಿದ್ದು ಸರಿಯಿಲ್ಲ. ನಾನು ಪ್ರಿನ್ಸಿಪಾಲರಿಗೆ ಹೇಳಲೇಬೇಕು.’

ಆಮೇಲೆ ಪರದೆ ಕಪ್ಪಾಯಿತು. ಅವಳನ್ನು ಹೊರಗೆ ಹಾಕಿದ್ದರು.

ಮಧ್ಯಾಹ್ನವೆಲ್ಲ ಸಂಗೀತ ಬಾಗಿಲಿಗೂ ಬೇಲಿಗೂ ತಿರುಗಿದಳು. ಗಂಡನ ಕೆಲಸಕ್ಕೆ ಕಲ್ಲು ಹಾಕಿದೆ, ಮರ್ಯಾದೆ ಕಳೆದೆ, ಅದೂ ಹೆಸರು ಹಿಡಿದು. ಬೈಕು ಬರುವ ದಾರಿಯಲ್ಲಿ ಏನಾದರೂ ಆದರೆ? ಅತ್ತೆಯ ಲೆಕ್ಕ ನಿಜವಾದರೆ? ಓದಿದವಳು ಇಂಥದ್ದನ್ನು ನಂಬಬಾರದು. ಆದರೂ ರಸ್ತೆಯಲ್ಲಿ ಸದ್ದಾದಾಗಲೆಲ್ಲ ಅವಳು ಕತ್ತು ಚಾಚಿದಳು. ಈಶ್ವರಮ್ಮ ದೇವರ ಮುಂದೆ ದೀಪ ಹಚ್ಚಿ, ಹೊಸ್ತಿಲಲ್ಲಿ ಕೂತಿದ್ದಳು. ಅವಳ ಕಣ್ಣೂ ರಸ್ತೆಯ ಮೇಲೇ ಇತ್ತು.

ಬಿಸಿಲು ಇಳಿಯುವ ಹೊತ್ತಿಗೆ ಬೈಕು ಬಂತು. ತಿಪ್ಪೇಶ ಸ್ಟ್ಯಾಂಡ್ ಹಾಕಿ, ಕೈಕಾಲು ತೊಳೆದು, ಕಟ್ಟೆಯ ಮೇಲೆ ಕೂತ. ಸಂಗೀತ ತಂದ ನೀರನ್ನು ಕುಡಿದ.

‘ನನ್ನ ಹೆಸ್ರು ಹೊಡದ್ ಹಾಕಿದ್ರು’ ಎಂದ. ‘ಪಂಚಾಯ್ತಿ ಕೆಲ್ಸ ಹೋತು.’

‘ನಾನು?’ ಬಾಯಿಂದ ಬಂದೇಬಿಟ್ಟಿತು. ಮೊದಲು ಕೇಳಬೇಕಾದ್ದು ಅದಲ್ಲವೆಂದು ಅವಳಿಗೇ ನಾಚಿಕೆಯಾಯಿತು.

‘ನೀನು ಪಾಸಾಗಿದ್ದೆಲ್ಲ ನನ್ನ ಹೆಸ್ರಿನ್ಯಾಗ, ನಿನ್ನ ಲೆಕ್ಕಕ್ಕ ಬರಂಗಿಲ್ಲ ಅಂದ್ರು. ಜೂನಿಗೆ ಹೊಸಾ ತಂಡ, ಮೊದ್ಲಿಂದ ಬಾ ಅಂದ್ರು. ನಿನ್ನ ಫೋಟೋ ಹಚ್ಚಿ, ನಿನ್ನ ಸಹಿ ಹಾಕಿ. ಸೊರಬದ ಶೆಡ್ಡಿಗೂ ನೀನ ಹೋಗ್ಬೇಕಂತ.’ ಲೋಟ ಕೆಳಗಿಟ್ಟ. ‘ಕುರಿ ನಾನು ನೋಡ್ಕಂತೀನಿ, ಹೆಂಗೂ ನನಗ ಬರೋದು ಅದ.’

ಅವಳು ಲೋಟ ಎತ್ತಿಕೊಂಡಳು.

‘ನಿಂಗೇನೂ ತಿಳಿಯಂಗಿಲ್ಲ ಅಂದ್ನೆಲ್ಲ, ಅದು ತಪ್ಪಾತು’ ಎಂದ ತಿಪ್ಪೇಶ, ನೆಲ ನೋಡುತ್ತ. ‘ಅಂಜಿಕಿ ಆಗಿತ್ತು ನಂಗ. ಆದ್ರ ಅಷ್ಟು ಮಂದಿ ಮುಂದ ಹೆಸ್ರು ಹಿಡದು ಕರದ್ಯಲ್ಲ... ಇನ್ನೊಂದ್ಸಲ ಕರಿ ನೋಡಾನ. ಅಲ್ಲಿ ಸರಿಯಾಗಿ ಕೇಳಾಕ ಆಗ್ಲಿಲ್ಲ.’

ಸಂಗೀತ ಹೊಸ್ತಿಲ ಕಡೆ ನೋಡಿದಳು. ಈಶ್ವರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

‘ಕರಿ ಅಂತಾನಲ್ಲ, ಕರಿ. ಏನಾರ ಆಗೋದಿದ್ರ ದಾರ್ಯಾಗ ಆಗ್ತಿತ್ತು’ ಎಂದು ಒಳಗೆ ಹೋದಳು.

‘ತಿಪ್ಪೇಶ’ ಎಂದಳು ಸಂಗೀತ.

‘ಪ್ರೆಸೆಂಟ್’ ಎಂದ ಅವನು.

‘ಹೆಸ್ರು ಹೊಡೆದು ಹಾಕಿದ್ಮೇಲೆ ಬಂದು ಏನು ಪ್ರಯೋಜನ?’ ಎಂದಳು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಜೂನ್ ಇನ್ನೂ ದೂರವಿತ್ತು. ಅವಳು ಅಲ್ಲಿ ನಿಲ್ಲಲಾರದೆ ಫೋನು ತೆಗೆದುಕೊಂಡು ಬೇಲಿಯ ಹತ್ತಿರ ಹೋಗಿ, ಆ ಆ್ಯಪಿನಲ್ಲಿ ಹೆಸರು ಬದಲಾಯಿಸುವುದು ಎಲ್ಲೆಂದು ಹುಡುಕತೊಡಗಿದಳು.