ಹಸಿರು ಜನರೇಟರಿನ ಓವಿದ್

ಓವಿದ್ ದಾರ್ದಾರನ ಮನೆಗೆ ಒಂದು ಬಟ್ಟಲು ಸೀಗಡಿ ಸಾರು ಕಳಿಸಿ ನೋಡಬೇಕಿತ್ತು. ಬಟ್ಟಲಿನ ತೇವ ಆರುವ ಮೊದಲೇ ಅದು ಬೆಂಡೆಕಾಯಿಯ ಗಂಬೋ ಎಂಬ ಗಟ್ಟಿ ಸಾರು ತುಂಬಿಕೊಂಡು ನಿಮ್ಮ ಬಾಗಿಲಿಗೆ ಮರಳಿ ಬಂದಿರುತ್ತಿತ್ತು. ಬಹುಕಾಲ ನಾನದನ್ನು ಔದಾರ್ಯವೆಂದು ಭ್ರಮಿಸಿದ್ದೆ. ಲೂಸಿಯಾನಾದ ಕಡಲಂಚಿನ ಈ ಹಿನ್ನೀರಿನ ದಂಡೆಯಲ್ಲಿ ಐವತ್ತು ವರ್ಷ ಸೀಗಡಿ ದೋಣಿಗಳಿಗೆ ಬಲೆ ಹೆಣೆದ ಈ ಮನುಷ್ಯನಿಗೆ ಪರರ ಉಪಕಾರವೆಂದರೆ ಮೈಮೇಲೆ ಹುಳು ಹರಿದಷ್ಟು ಅಸಹ್ಯವೆಂದು ನನಗೆ ತಿಳಿದದ್ದು ಆಮೇಲೆ. ಎಡಗಾಲನ್ನು ತುಸು ಎಳೆಯುತ್ತ, ಇಲ್ಲದ ದಾರಕ್ಕೆ ಗಂಟು ಬಿಗಿಯುವಂತೆ ಬೆರಳುಗಳನ್ನು ಸದಾ ಹೊರಳಿಸುತ್ತ, ಸುಡುಬಿಸಿಲಿನಲ್ಲೂ ಹಳದಿ ಮಳೆಯಂಗಿಯೊಂದನ್ನು ತೊಟ್ಟು ಅವನು ರಸ್ತೆಯಲ್ಲಿ ಬರುತ್ತಿದ್ದರೆ, ಹಿರಿಯರನ್ನೆಲ್ಲ ನೋಂಕ್ ಎಂದು ಕರೆಯುವ ಇಲ್ಲಿನ ವಾಡಿಕೆಯಂತೆ ನಾನು ಒಮ್ಮೆ ಕೇಳಿದ್ದುಂಟು: "ನೋಂಕ್ ಓವಿದ್, ಈ ಬಿಸಿಲಲ್ಲಿ ಮಳೆಯಂಗಿ ಯಾಕೆ?"

"ಮಳೆ ಬಂದಾಗ ನಿನ್ನ ಕೊಡೆ ಕೇಳೋದು ಬೇಡ ಅಂತ," ಎಂದು ಅವನು ನಿಲ್ಲದೆ ಮುಂದೆ ನಡೆದ.

ಇಂಥವನನ್ನು ಒಮ್ಮೆ ಮಾತ್ರ ವಿಧಿ ಕೈಯೊಡ್ಡುವಂತೆ ಮಾಡಿತ್ತು. ಅವನ ಹೆಂಡತಿ ಎಲ್ಮೀರಳ ಶ್ವಾಸಕೋಶ ಸೋತು, ಗಾಳಿಯಿಂದ ಆಮ್ಲಜನಕ ಸೋಸಿಕೊಡುವ ಯಂತ್ರದ ನಳಿಕೆಯೇ ಅವಳಿಗೆ ಆಸರೆಯಾಗಿದ್ದ ವರ್ಷ, ಚಂಡಮಾರುತವೊಂದು ಬಂದು ಹತ್ತೊಂಬತ್ತು ದಿನ ಕರೆಂಟು ಕಸಿದುಕೊಂಡಿತು. ತುರ್ತಿಗೆಂದು ಇಟ್ಟಿದ್ದ ಆಮ್ಲಜನಕದ ಸಿಲಿಂಡರುಗಳು ಬರಿದಾದ ದಿನ ಓವಿದ್ ಪಕ್ಕದ ಮನೆಯ ವಿಲ್ಡಾಳ ಪುಟ್ಟ ಜನರೇಟರಿನಿಂದ ಒಂದು ವೈರು ಬೇಡಿದ. ವಿಲ್ಡಾ ಕೇಳುವ ಮೊದಲೇ ಕೊಡುವ ಹೆಂಗಸು. ಆದರೂ ಆ ವೈರು ಇದ್ದಷ್ಟು ದಿನವೂ ಅವನು ಆಕೆಯ ಮೆಟ್ಟಿಲ ಮೇಲೆ ತಲೆತಗ್ಗಿಸಿ ಕೂತಿದ್ದನ್ನು ನಾನು ಕಂಡಿದ್ದೇನೆ. ಮನೆಗೆ ಕರೆಂಟು ಬಂದ ಮರುದಿನವೇ ಅವನು, ಸೇನೆ ತನಗೆ ಬೇಡವೆಂದು ಹರಾಜಿಗಿಟ್ಟ ಸಾಮಾನುಗಳ ಪಟ್ಟಿ ಓದತೊಡಗಿದ.

ಅದರಲ್ಲಿ ಕಂಡ ಡೀಸೆಲ್ ಜನರೇಟರೊಂದನ್ನು ತರಲು ಅವನು ಎರಡು ರಾಜ್ಯ ದಾಟಿ ಹೋಗಿದ್ದ. ಪಟ್ಟಿಯಲ್ಲಿ ಇದ್ದದ್ದು 'ದುರಸ್ತಿ ಬೇಕಾಗಬಹುದು' ಎಂಬ ಒಂದೇ ವಾಕ್ಯ, ಮಸುಕಾದ ಒಂದು ಚಿತ್ರ. ಅರ್ಧ ಟನ್ನಿಗೂ ಮೀರಿದ ಆ ಹಸಿರು ಪೆಟ್ಟಿಗೆಯನ್ನು, ನೆರೆ ಮುಟ್ಟದಂತೆ ಮನೆಯ ನೆಲದಷ್ಟೇ ಎತ್ತರಕ್ಕೆ ಕಟ್ಟಿದ ಮರದ ಅಟ್ಟದ ಮೇಲೆ, ದೋಣಿಯೆತ್ತುವ ಕ್ರೇನಿನಿಂದ ಕೂರಿಸಿಕೊಟ್ಟವನು ಹಡಗು ಎಳೆಯುವ ಟಗ್ ದೋಣಿಗಳ ಎಂಜಿನ್ ನೋಡಿಕೊಂಡಿದ್ದ ಮುದುಕ ಯುಲಿಸ್. ಅದೇ ವಾರ ಅವನಿಗೊಂದು ಹೊಸ ಬಲೆ ಸಂದಾಯವಾಯಿತು, ಅನ್ನಿ. ಇದಕ್ಕೆ ಒಂದಲ್ಲ, ಎರಡು ಬ್ಯಾಟರಿ ಜೋಡಿಸಬೇಕು; ಬೀದಿಯ ಲೈನನ್ನು ಪೂರ್ತಿ ಕಡಿದು ಆಮೇಲೆ ಮನೆಗೆ ಕರೆಂಟು ಬಿಡಬೇಕು, ಇಲ್ಲವಾದರೆ ಕಂಬ ಹತ್ತಿದ ಬಡಪಾಯಿಯ ಪ್ರಾಣ ಹೋಗುತ್ತದೆ. ಇದನ್ನೆಲ್ಲ ಓವಿದ್ ಸೇನೆಯ ದಪ್ಪ ಕೈಪಿಡಿಯಿಂದ ದಿನಾ ಮುಂಜಾನೆ ಕಾಫಿಯೊಡನೆ ಪಾರಾಯಣ ಮಾಡಿ ಕಲಿತ. ಕೆಂಪು ಮುಚ್ಚಳದ ಒಂದು ಗುಂಡಿಯನ್ನು ಮಾತ್ರ ತಂತಿ ಸುತ್ತಿ ಬಿಗಿದಿದ್ದ. ಯುದ್ಧದ ನಡುವೆ ಯಂತ್ರ ಕೆಟ್ಟರೂ ಸರಿ, ತಾನಾಗಿ ನಿಲ್ಲಬಾರದೆಂದು ಸೇನೆಯವರು ಒತ್ತುವ ಗುಂಡಿಯಂತೆ ಅದು.

ಪ್ರತಿ ತಿಂಗಳ ಮೊದಲ ಶನಿವಾರ ಅವನು ಜನರೇಟರನ್ನು ತಾಲೀಮಿಗೆ ಚಾಲೂ ಮಾಡುತ್ತಿದ್ದ. ನಾಲ್ಕಾರು ಮನೆಗೆ ಸಾಲುವಷ್ಟು ಶಕ್ತಿಯ ಆ ಯಂತ್ರಕ್ಕೆ ಅವನು ಹೊರಿಸುತ್ತಿದ್ದದ್ದು ಎಲ್ಮೀರಳ ಉಸಿರಿನ ಯಂತ್ರವನ್ನೂ ಒಂದು ಫ್ರಿಜ್ಜನ್ನೂ ಮಾತ್ರ. "ಸೈನ್ಯದಲ್ಲಿ ಸಾಕಷ್ಟು ದುಡಿದು ಬಂದಿದೆ ಪಾಪ, ನಮ್ಮನೇಲಾದ್ರೂ ಸುಖವಾಗಿರಲಿ," ಎಂದು ಅದರ ಬೆನ್ನು ಸವರುತ್ತಿದ್ದ. ಹಗುರಾಗಿ ದುಡಿಸಿದರೆ ದೀರ್ಘಾಯುವಾಗುತ್ತದೆಂದು ಅವನ ದೃಢನಂಬಿಕೆ. ನಾನೂ ಹೂಂಗುಟ್ಟುತ್ತಿದ್ದೆ, ನನಗೇನು ಗೊತ್ತು?

ಮೂರನೆಯ ವರ್ಷ ಮತ್ತೆ ಚಂಡಮಾರುತ ಬಂತು. ನೀರಿಳಿದ ಮೇಲೆ, ಮೂರನೆಯ ದಿನದ ಬೆಳಗ್ಗೆ, ಜನರೇಟರಿನ ದನಿ ಏರಿಳಿಯಿತು. ಬಿಳಿಹೊಗೆ ಕಾರುತ್ತ ಕೆಮ್ಮಿತು. ಹೊಗೆಕೊಳವೆಯಿಂದ ಕರಿ ಎಣ್ಣೆ ತೊಟ್ಟಿಕ್ಕಿತು. ಒಳಗೆ ಎಲ್ಮೀರಳ ಯಂತ್ರ ಪೀ ಪೀ ಎಂದು ಅರಚಿಕೊಳ್ಳುತ್ತಿತ್ತು. ಉಳಿದಿದ್ದದ್ದು ಒಂದೇ ಸಿಲಿಂಡರು, ಹೆಚ್ಚೆಂದರೆ ಮಧ್ಯಾಹ್ನದವರೆಗೆ. ರಸ್ತೆ ಕಡಿದಿತ್ತು, ಆಸ್ಪತ್ರೆ ದೂರ. ಓವಿದ್ ಯಾರನ್ನೂ ಕರೆಯುವವನಲ್ಲ ಎಂದು ಗೊತ್ತಿದ್ದರಿಂದ ನಾನೇ ಓಡಿಹೋಗಿ ಯುಲಿಸನನ್ನು ಕರೆತಂದೆ. ಮುದುಕ ಕೊಳವೆಯೊಳಗೆ ಬೆರಳಾಡಿಸಿ, ಕರಿಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಇದಕ್ಕೆ ರೋಗ ಇಲ್ಲ ಕಣೋ, ಕೆಲಸ ಇಲ್ಲ. ಡೀಸೆಲ್ ಎಂಜಿನ್ನು ಮೈಮುರಿದು ದುಡಿದ್ರೇನೇ ಕಾವೇರೋದು. ಇಲ್ದಿದ್ರೆ ಎಣ್ಣೆ ಉರಿಯದೆ ಒಳಗೇ ಕಟ್ಕೊಳ್ಳುತ್ತೆ. ನೀನು ಮುದ್ದು ಮಾಡಿ ಕೆಡಿಸಿದೀಯ."

ಆ ಕೆಂಪು ಗುಂಡಿ ಒತ್ತಿದರೆ ಹೇಗೆ ಎಂದು ನಾನು ಜಾಣತನ ತೋರಿಸಿದೆ. ಅದು ಕೆಟ್ಟ ಯಂತ್ರವನ್ನು ಸಾಯುವತನಕ ಓಡಿಸುತ್ತದೆ, ಗುಣ ಮಾಡುವುದಿಲ್ಲ ಎಂದು ಯುಲಿಸ್ ನನ್ನ ಬಾಯಿ ಮುಚ್ಚಿಸಿದ. ಒಂದಿಷ್ಟು ಹೊತ್ತು ಪೂರ್ತಿ ಹೊರೆ ಬೀಳಬೇಕು. ಓವಿದನ ಮನೆಯಲ್ಲಿ ಅಷ್ಟು ಹೊರೆಯೇ ಇರಲಿಲ್ಲ.

ಓವಿದ್ ವಿಲ್ಡಾಳ ಮನೆಗೆ ಹೋದ. ಆಕೆಯ ಜನರೇಟರು ನೆರೆಯಲ್ಲಿ ಮುಳುಗಿತ್ತು. ಎರಡು ಫ್ರೀಜರುಗಳ ತುಂಬ ಇಡೀ ಋತುವಿನ ಸೀಗಡಿ ಕರಗುತ್ತಿತ್ತು. ನಿನ್ನ ವೈರುಗಳನ್ನೆಲ್ಲ ತಂದು ನನ್ನ ಜನರೇಟರಿಗೆ ಹಾಕು ಎಂದು ಅವನು ಹೇಳಿದರೆ, ಹಳೆಯ ಉಪಕಾರ ತೀರಿಸಲು ಬಂದಿದ್ದಾನೆಂದು ಎಣಿಸಿ ಆಕೆ ಬೇಡವೆಂದು ತಲೆಯಲ್ಲಾಡಿಸಿದಳು. ಸೀಗಡಿ ಹಾಳಾದರೆ ಆಗಲಿ, ನಿಮ್ಮ ಡೀಸೆಲ್ ಎಲ್ಮೀರಳಿಗಿರಲಿ ಎಂದಳು. ಓವಿದ್ ಮಳೆಯಂಗಿ ಕಳಚಿ ಕೈಯಲ್ಲಿ ಹಿಡಿದುಕೊಂಡ. ಅದಿಲ್ಲದೆ ಅವನು ಎಷ್ಟು ಬಡಕಲಾಗಿದ್ದ!

"ಕೊಡೋಕೆ ಬಂದಿಲ್ಲ ವಿಲ್ಡಾ, ಕೇಳೋಕೆ ಬಂದಿದೀನಿ. ನಾನೊಬ್ನೇ ಅವಳನ್ನ ಉಳಿಸ್ಕೊಳ್ಳೋಕೆ ಆಗ್ತಿಲ್ಲ."

ವಿಲ್ಡಾ ಬೀದಿಗೆಲ್ಲ ಸುದ್ದಿ ಮುಟ್ಟಿಸಿದಳು; ಅರ್ಧ ತಾಸಿನಲ್ಲಿ ಐದು ಮನೆಗಳ ದಪ್ಪ ಕೇಬಲ್ಲುಗಳು ರಸ್ತೆ ದಾಟಿ ಬಂದವು. ಫ್ರೀಜರು, ಕಿಟಕಿಯ ಏಸಿ, ಕಾಫಿಪಾತ್ರೆ, ಯಾರೋ ತಂದ ಇಸ್ತ್ರಿಪೆಟ್ಟಿಗೆ. ಯುಲಿಸ್ ಒಂದೊಂದಾಗಿ ಹೊರೆ ಏರಿಸಿದ. ಮೊದಮೊದಲು ಯಂತ್ರ ನಿಂತೇಹೋಗುವಂತೆ ನರಳಿತು. ಆಮೇಲೆ ಬಿಳಿಹೊಗೆ ಕಪ್ಪಾಗಿ, ಕಪ್ಪು ತೆಳ್ಳಗಾಗಿ, ಎಲ್ಮೀರಳ ಸಿಲಿಂಡರು ಮುಗಿಯುವ ಹೊತ್ತಿಗೆ ಏನೂ ಕಾಣದಾಯಿತು. ದನಿ ನೆಟ್ಟಗಾಯಿತು. ಎಲ್ಮೀರಳ ಯಂತ್ರ ಮತ್ತೆ ಉಸಿರೂದತೊಡಗಿತು. ಕಿಟಕಿಯಿಂದ ಅಂಗಳದ ಜನವನ್ನು ನೋಡಿ ಆಕೆ, "ನಮ್ಮ ಮದುವೇಗೂ ಇಷ್ಟು ಜನ ಬಂದಿರ್ಲಿಲ್ಲ. ಕಾಫಿ ಕೊಡಿ ಎಲ್ರಿಗೂ," ಎಂದಳು. ನನಗೆ ಅಳು ಬಂತು. ತಪ್ಪನ್ನು ಆಗಲೇ ಮಾಯವಾಗಿದ್ದ ಹೊಗೆಯ ಮೇಲೆ ಹಾಕಿದೆ.

ಮರುದಿನ ವಿಲ್ಡಾ, ಉಳಿದ ಸೀಗಡಿಯಿಂದ ಒಂದು ಬಟ್ಟಲು ಸಾರು ಕಳಿಸಿದಳು. ಸಂಜೆ ಓವಿದನೇ ಕಾಲೆಳೆಯುತ್ತ ಹೋಗಿ ಬಟ್ಟಲನ್ನು ಮರಳಿಸಿ ಬಂದ. ತೊಳೆದಿತ್ತು, ಒಳಗೆ ಏನೂ ಇರಲಿಲ್ಲ. ವಿಲ್ಡಾ ಅದನ್ನು ಬೀದಿಯವರಿಗೆಲ್ಲ ಎತ್ತಿ ತೋರಿಸಿದಳು.

ಯಾರ ಹಂಗೂ ಬೇಡವೆಂದು ಬದುಕುವವರು ಲೋಕದಲ್ಲಿ ಎಲ್ಲೆಡೆಯೂ ಇದ್ದಾರೆ. ನಾವು ಅವರನ್ನು ಬಿಗುಮಾನದವರೆಂದು ದೂರುತ್ತೇವೆ, ಅವರ ಬಾಗಿಲು ತಟ್ಟುವುದನ್ನೇ ಬಿಡುತ್ತೇವೆ. ಅವರಲ್ಲಿ ಕೊಡುವ ಮನಸ್ಸಿಗೆ ಕೊರತೆಯಿಲ್ಲ. ಪಡೆಯುವುದನ್ನು ಮಾತ್ರ ಯಾರೂ ಕಲಿಸಿರುವುದಿಲ್ಲ, ಅದನ್ನು ಕಲಿಯಲು ಅವರಿಗೆ ಆಯುಷ್ಯವೆಲ್ಲ ಹಿಡಿಯುತ್ತದೆ. ಅಂಥವರ ಮನೆಗೆ ಸಾರು ಕಳಿಸುತ್ತಲೇ ಇರಬೇಕು, ಬಟ್ಟಲು ಖಾಲಿ ಮರಳುವ ದಿನದವರೆಗೆ.